ಮೆಕ್ಕೆಜೋಳದ ಸಿಹಿಪಾಕ: ಒಂದು ಐತಿಹಾಸಿಕ ಅವಲೋಕನ

ನಮ್ಮ ವಾಚಕರಲ್ಲಿ ಹಲವರ ಮಕ್ಕಳು, ಮೊಮ್ಮಕ್ಕಳು ಇಂದು ಅಮೇರಿಕದಲ್ಲಿ ನೆಲೆಸಿದ್ದಾರೆ. ಪ್ರಸಾದನಿಲಯದಲ್ಲಿ ಉಂಡು, ಓದಿ, ಉದ್ಯೋಗಾರ್ಥವಾಗಿ ಆ ದೇಶಕ್ಕೆ ತೆರಳಿದ ಹಳೆಯ ವಿದ್ಯಾರ್ಥಿಗಳೂ ಕಡಮೆಯಿಲ್ಲ. ಅಲ್ಲಿ ಕೆಲಕಾಲ ಇದ್ದು ಬಂದ ಹಿರಿಯರು ಒಂದು ಸಂಗತಿಯನ್ನು ಗಮನಿಸಿರಬಹುದು. ಅಂಗಡಿಯಲ್ಲಿ ಬ್ರೆಡ್ಡಿನ ಪೊಟ್ಟಣವನ್ನಾಗಲಿ ಟೊಮೆಟೊ ಕೆಚಪ್ಪಿನ ಸೀಸೆಯನ್ನಾಗಲಿ ಕೈಗೆತ್ತಿಕೊಂಡವರು ಮೊದಲು ಅದರ ಹಿಂಬದಿಯ ಚೀಟಿಯನ್ನು ಓದುತ್ತಾರೆ. ಅದರಲ್ಲಿ ‘ಹೈ ಫ್ರಕ್ಟೋಸ್ ಕಾರ್ನ್ ಸಿರಪ್’ ಎಂಬ ಮಾತು ಕಂಡರೆ ವಸ್ತುವನ್ನು ಮರಳಿ ಅದರ ಸ್ಥಾನದಲ್ಲಿಡುತ್ತಾರೆ. ‘ಕಬ್ಬಿನ ಸಕ್ಕರೆ’ ಎಂದಿದ್ದರೆ ನಿಶ್ಚಿಂತೆಯಿಂದ ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ಊರಿಗೆ ಮರಳಿದ ಹಿರಿಯರು ಆ ಭಯವನ್ನೂ ಆ ನಿಶ್ಚಿಂತೆಯನ್ನೂ ತಮ್ಮೊಡನೆ ತರುತ್ತಾರೆ. ಇವೆರಡಕ್ಕೂ ಎಷ್ಟರಮಟ್ಟಿಗೆ ಆಧಾರವಿದೆ? ನಿತ್ಯದ ಆಹಾರದಲ್ಲಿ ಈ ಪಾಕವನ್ನು ವರ್ಜಿಸಬೇಕೆ? ಈ ಪ್ರಶ್ನೆಗೆ ವೈದ್ಯಶಾಸ್ತ್ರದಷ್ಟೇ ಇತಿಹಾಸವೂ ಉತ್ತರ ಕೊಡಬಲ್ಲದು. ಏಕೆಂದರೆ ಈ ಪ್ರಶ್ನೆ ಹೊಸದಲ್ಲ. ನೂರನಲವತ್ತು ವರ್ಷಗಳಲ್ಲಿ ಅದನ್ನು ಮತ್ತೆಮತ್ತೆ ಕೇಳಲಾಗಿದೆ.

ಪಿಷ್ಟದಿಂದ ಸಕ್ಕರೆ

ಕಬ್ಬಿನ ರಸವನ್ನು ಕುದಿಸಿ ಹರಳುಗಟ್ಟಿಸುವ ವಿದ್ಯೆ ಮೊದಲು ಸಿದ್ಧಿಸಿದ್ದು ಭಾರತೀಯರಿಗೆ. ಸಂಸ್ಕೃತದ ‘ಶರ್ಕರಾ’ ಶಬ್ದವು ಪಾರಸಿ, ಅರಬ್ಬೀ ನುಡಿಗಳ ಮೂಲಕ ಪಶ್ಚಿಮಕ್ಕೆ ಸಾಗಿ ‘ಶುಗರ್’ ಆಯಿತು. ‘ಖಂಡ’ ಶಬ್ದವು ‘ಕ್ಯಾಂಡಿ’ ಆಯಿತು. ಯೂರೋಪಿನ ಚಳಿಯ ನಾಡುಗಳಲ್ಲಿ ಕಬ್ಬು ಬೆಳೆಯದು. ಆದುದರಿಂದ ಅಲ್ಲಿಯವರು ಕೆರಿಬಿಯನ್ ದ್ವೀಪಗಳಲ್ಲಿ ಆಫ್ರಿಕದಿಂದ ಸೆಳೆದು ತಂದ ಗುಲಾಮರ ದುಡಿಮೆಯಿಂದ ಕಬ್ಬು ಬೆಳೆಸಿ, ಸಕ್ಕರೆಯನ್ನು ಹಡಗುಗಳಲ್ಲಿ ತರಿಸಿಕೊಳ್ಳುತ್ತಿದ್ದರು. ಸಮುದ್ರಮಾರ್ಗ ಮುಚ್ಚಿದರೆ ಸಿಹಿಯೂ ನಿಲ್ಲುತ್ತಿತ್ತು.

ಹಾಗೆ ಮಾರ್ಗ ಮುಚ್ಚಿದ್ದು ನೆಪೋಲಿಯನ್ನನ ಕಾಲದಲ್ಲಿ. 1806ರಲ್ಲಿ ಅವನು ಬ್ರಿಟನ್ನಿನೊಡನೆ ಯೂರೋಪಿನ ವ್ಯಾಪಾರವನ್ನೆಲ್ಲ ನಿಷೇಧಿಸಿದನು. ಸಕ್ಕರೆ ದುರ್ಲಭವಾಯಿತು. ಬದಲಿ ಸಿಹಿಯನ್ನು ಹುಡುಕಲು ರಸಾಯನಶಾಸ್ತ್ರಜ್ಞರು ತೊಡಗಿದರು. ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆಯುವ ಉದ್ಯಮ ಬೇರೂರಿದ್ದು ಈ ಕಾಲದಲ್ಲಿಯೇ. ಅದೇ ಸಮಯದಲ್ಲಿ, 1811ರ ಸುಮಾರಿಗೆ, ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಜರ್ಮನ್ ಮೂಲದ ಕಿರ್ಚಾಫ್ ಎಂಬ ವಿಜ್ಞಾನಿ ಪಿಷ್ಟವನ್ನು ಗಂಧಕಾಮ್ಲದ ತೆಳು ದ್ರಾವಣದಲ್ಲಿ ಕುದಿಸಿದಾಗ ಅದು ಸಿಹಿಯಾಗಿ ಮಾರ್ಪಡುವುದನ್ನು ಕಂಡುಕೊಂಡನು. ಹಿಟ್ಟಿನಲ್ಲಿ ಅಡಗಿದ್ದ ಸಕ್ಕರೆ ಹೊರಬಂದಿತ್ತು. ಅದನ್ನೇ ನಾವು ಇಂದು ಗ್ಲೂಕೋಸ್ ಎನ್ನುತ್ತೇವೆ. ಯುದ್ಧ ಮುಗಿದು ಹಡಗುಗಳು ಮತ್ತೆ ಬರತೊಡಗಿದ ಮೇಲೆ ಕಿರ್ಚಾಫನ ಸಕ್ಕರೆಗೆ ಬೇಡಿಕೆ ತಗ್ಗಿತು. ಆದರೆ ವಿದ್ಯೆ ಉಳಿಯಿತು. ಸಿಹಿಯ ಮೂಲವನ್ನು ಬದಲಿಸುವುದು ನಾಲಗೆಯ ರುಚಿಗಿಂತ ಹೆಚ್ಚಾಗಿ ರಾಜಕಾರಣ ಮತ್ತು ಬೆಲೆ ಎಂಬ ಪಾಠವು ಇಲ್ಲಿಯೇ ಮೊದಲಾಗುತ್ತದೆ.

ಮೊದಲನೆಯ ವಿಚಾರಣೆ

ಅಮೇರಿಕದ ಮಧ್ಯಭಾಗದ ಬಯಲುಗಳಲ್ಲಿ ಮೆಕ್ಕೆಜೋಳ ಹುಲುಸಾಗಿ ಬೆಳೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿಯ ಕಾರಖಾನೆಗಳು ಜೋಳದ ಪಿಷ್ಟದಿಂದ ಗ್ಲೂಕೋಸ್ ಪಾಕವನ್ನು ಭಾರಿ ಪ್ರಮಾಣದಲ್ಲಿ ತಯಾರಿಸತೊಡಗಿದವು. ಅಗ್ಗವಾದ ಈ ಪಾಕವನ್ನು ವರ್ತಕರು ಜೇನುತುಪ್ಪದಲ್ಲಿಯೂ ಮೇಪಲ್ ಮರದ ಪಾಕದಲ್ಲಿಯೂ ಗುಟ್ಟಾಗಿ ಬೆರೆಸಿ ಮಾರಿದರು. ಜನರಲ್ಲಿ ಸಂಶಯ ಹುಟ್ಟಿತು. ಇದು ವಿಷವೆಂದು ಕೆಲವರು ಕೂಗೆಬ್ಬಿಸಿದರು. ಕೊನೆಗೆ ಸರ್ಕಾರದ ತೆರಿಗೆ ಇಲಾಖೆಯು ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಅಭಿಪ್ರಾಯ ಕೇಳಿತು. 1884ರಲ್ಲಿ ಹೊರಬಂದ ಆ ವರದಿಯು ಜೋಳದ ಸಕ್ಕರೆಯಿಂದ ದೇಹಕ್ಕೆ ಹಾನಿಯಾಗುತ್ತದೆಂಬುದಕ್ಕೆ ಪುರಾವೆ ದೊರೆಯಲಿಲ್ಲವೆಂದು ತಿಳಿಸಿತು.

ಇಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿದ್ದುದನ್ನು ವಾಚಕರು ಗಮನಿಸಬೇಕು. ಜೇನೆಂದು ಹೇಳಿ ಗ್ಲೂಕೋಸ್ ಮಾರುವುದು ಮೋಸ; ಅದು ಸತ್ಯಾಸತ್ಯದ ಪ್ರಶ್ನೆ. ಗ್ಲೂಕೋಸ್ ತಿಂದರೆ ಕಾಯಿಲೆ ಬರುವುದೇ ಎಂಬುದು ಆರೋಗ್ಯದ ಪ್ರಶ್ನೆ. ಮೊದಲನೆಯದಕ್ಕೆ ಹುಟ್ಟಿದ ನ್ಯಾಯವಾದ ಕೋಪವು ಎರಡನೆಯದಕ್ಕೆ ಉತ್ತರವಾಗಿ ಪರಿಣಮಿಸಿತು. ಮೋಸದಿಂದ ಬಂದ ವಸ್ತು ವಿಷವೇ ಆಗಿರಬೇಕೆಂದು ಜನ ಭಾವಿಸಿದರು. ಈ ಬೆರಕೆ ಅಂದಿನಿಂದ ಇಂದಿನವರೆಗೆ ಬಿಡಿಸಲಾಗದೆ ಉಳಿದಿದೆ.

ಹೆಸರಿನ ಜಗಳ

1906ರಲ್ಲಿ ಅಮೇರಿಕವು ಆಹಾರ ಮತ್ತು ಔಷಧಗಳ ಶುದ್ಧತೆಯ ಕಾಯಿದೆಯನ್ನು ಜಾರಿಗೊಳಿಸಿತು. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ಹಾರ್ವೆ ವೈಲಿ ಎಂಬ ಮಹನೀಯರು ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞರಾಗಿದ್ದರು. ಜೋಳದ ಪಾಕದ ಡಬ್ಬಿಯ ಮೇಲೆ ಏನೆಂದು ಬರೆಯಬೇಕು ಎಂಬ ಪ್ರಶ್ನೆ ಅವರ ಮುಂದೆ ಬಂದಿತು. ‘ಗ್ಲೂಕೋಸ್’ ಎಂದೇ ಬರೆಯಬೇಕೆಂಬುದು ವೈಲಿಯವರ ನಿಲುವು. ಆ ಹೆಸರಿಗೆ ಅಂಟಿದ ಅಪಕೀರ್ತಿಯನ್ನು ಬಲ್ಲ ಉದ್ಯಮಿಗಳು ‘ಕಾರ್ನ್ ಸಿರಪ್’ ಎಂಬ ಹೆಸರನ್ನು ಬಯಸಿದರು. ವಿವಾದವು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರವರೆಗೆ ಹೋಯಿತು. 1908ರಲ್ಲಿ ಸರ್ಕಾರವು ಉದ್ಯಮಿಗಳ ಪರವಾಗಿ ತೀರ್ಮಾನಿಸಿತು. ‘ಕಾರ್ನ್ ಸಿರಪ್’ ಎಂಬ ಹೆಸರು ಅಧಿಕೃತವಾಯಿತು. ಡಬ್ಬಿಯೊಳಗಿನ ವಸ್ತು ಮಾತ್ರ ಹಿಂದಿನದೇ ಆಗಿತ್ತು.

ಈ ಪಾಕಕ್ಕೆ ಒಂದು ಕೊರತೆಯಿತ್ತು. ಗ್ಲೂಕೋಸು ಕಬ್ಬಿನ ಸಕ್ಕರೆಯಷ್ಟು ಸಿಹಿಯಲ್ಲ. ಹಣ್ಣುಗಳಲ್ಲಿಯೂ ಜೇನಿನಲ್ಲಿಯೂ ಇರುವ ಫ್ರಕ್ಟೋಸ್ ಎಂಬ ಇನ್ನೊಂದು ಸಕ್ಕರೆ ಅದಕ್ಕಿಂತ ಬಹಳ ಸಿಹಿ. ಇವೆರಡೂ ಒಂದೇ ಪರಮಾಣುಗಳಿಂದಾದವು. ಜೋಡಣೆ ಮಾತ್ರ ಬೇರೆ. ಗ್ಲೂಕೋಸನ್ನು ಫ್ರಕ್ಟೋಸ್ ಆಗಿ ಮಾರ್ಪಡಿಸಿದರೆ ಜೋಳದ ಪಾಕ ಕಬ್ಬಿಗೆ ಸಮನಾಗಿ ನಿಲ್ಲಬಲ್ಲದು. 1957ರಲ್ಲಿ ಮಾರ್ಷಲ್ ಮತ್ತು ಕೂಯಿ ಎಂಬ ಇಬ್ಬರು ಅಮೇರಿಕನ್ ವಿಜ್ಞಾನಿಗಳು ಈ ಪರಿವರ್ತನೆಯನ್ನು ನಡೆಸುವ ಕಿಣ್ವವೊಂದನ್ನು ಸೂಕ್ಷ್ಮಜೀವಿಗಳಲ್ಲಿ ಕಂಡುಹಿಡಿದರು. ಆದರೆ ಆ ಕ್ರಿಯೆಗೆ ಪಾಷಾಣದ ಲವಣ ಬೇಕಾಗುತ್ತಿತ್ತಾದ್ದರಿಂದ ಅದು ಆಹಾರ ತಯಾರಿಕೆಗೆ ಒದಗುವಂತಿರಲಿಲ್ಲ. ಜಪಾನಿನ ಸರ್ಕಾರಿ ಸಂಶೋಧನಾಲಯದಲ್ಲಿದ್ದ ಯೋಶಿಯುಕಿ ತಾಕಾಸಾಕಿ ಅವರು 1960ರ ದಶಕದಲ್ಲಿ ಪಾಷಾಣದ ಹಂಗಿಲ್ಲದೆ ಕೆಲಸ ಮಾಡುವ ಕಿಣ್ವವನ್ನು ಇನ್ನೊಂದು ಸೂಕ್ಷ್ಮಜೀವಿಯಿಂದ ಪಡೆದರು. ಅಯೋವ ರಾಜ್ಯದ ಕ್ಲಿಂಟನ್ ಎಂಬ ಊರಿನ ಜೋಳದ ಕಾರಖಾನೆಯೊಂದು ಆ ವಿಧಾನದ ಹಕ್ಕನ್ನು ಪಡೆದು 1967ರಲ್ಲಿ ಹೊಸ ಪಾಕವನ್ನು ಮಾರುಕಟ್ಟೆಗೆ ತಂದಿತು. ಮೊದಲು ಅದರಲ್ಲಿದ್ದ ಫ್ರಕ್ಟೋಸ್ ನೂರಕ್ಕೆ 15ರಷ್ಟು. ಅನತಿಕಾಲದಲ್ಲಿ ಅದು 42ಕ್ಕೆ ಏರಿತು. 1970ರ ದಶಕದ ಉತ್ತರಾರ್ಧದಲ್ಲಿ 55ಕ್ಕೆ ಮುಟ್ಟಿತು. ಹಳೆಯ ಜೋಳದ ಪಾಕಕ್ಕಿಂತ ಹೆಚ್ಚು ಫ್ರಕ್ಟೋಸ್ ಇದ್ದುದರಿಂದ ‘ಹೈ ಫ್ರಕ್ಟೋಸ್’ ಎಂಬ ವಿಶೇಷಣ ಸೇರಿತು. ಅದು ಕಬ್ಬಿನ ಸಕ್ಕರೆಯೊಡನೆ ಮಾಡಿದ ಹೋಲಿಕೆಯಲ್ಲ. ಈ ಸಣ್ಣ ಸಂಗತಿ ಮರೆಯಾದುದರಿಂದ ಮುಂದೆ ದೊಡ್ಡ ತಪ್ಪು ಗ್ರಹಿಕೆಗೆ ದಾರಿಯಾಯಿತು.

ಕಬ್ಬನ್ನು ಸ್ಥಾನಪಲ್ಲಟಗೊಳಿಸಿದ ಬಗೆ

ಕಂಡುಹಿಡಿದ ಮಾತ್ರಕ್ಕೆ ಯಾವ ವಸ್ತುವೂ ಮನೆಮನೆಗೆ ಹೋಗದು. ಅದಕ್ಕೆ ಕಾಲ ಕೂಡಿಬರಬೇಕು. ಕ್ಯೂಬದ ಕ್ರಾಂತಿಯ ನಂತರ, 1960ರಲ್ಲಿ, ಅಮೇರಿಕವು ಆ ದ್ವೀಪದ ಸಕ್ಕರೆಯ ಆಮದನ್ನು ಕಡಿದುಹಾಕಿತು. 1974ರ ನವೆಂಬರಿನಲ್ಲಿ ಪ್ರಪಂಚದ ಮಾರುಕಟ್ಟೆಯಲ್ಲಿ ಕಚ್ಚಾ ಸಕ್ಕರೆಯ ಬೆಲೆ ಪೌಂಡಿಗೆ 65 ಸೆಂಟುಗಳಷ್ಟಾಯಿತು. ಅದಕ್ಕೆ ಹಿಂದಿನ ದಶಕದ ಮಧ್ಯದಲ್ಲಿ ಅದು ಎರಡು ಸೆಂಟುಗಳ ಆಸುಪಾಸಿನಲ್ಲಿತ್ತು. ತಿಂಡಿ, ಪಾನೀಯಗಳ ತಯಾರಕರು ಕಂಗಾಲಾದರು. ಅದೇ ವರ್ಷಗಳಲ್ಲಿ ಕೃಷಿ ಕಾರ್ಯದರ್ಶಿಯಾಗಿದ್ದ ಅರ್ಲ್ ಬಟ್ಜ್ ಅವರ ನೀತಿಯು ಜೋಳವನ್ನು ಹೆಚ್ಚುಹೆಚ್ಚಾಗಿ ಬೆಳೆಯುವಂತೆ ರೈತರನ್ನು ಪ್ರೇರೇಪಿಸಿತು. 1981ರ ಕೃಷಿ ಕಾಯಿದೆಯು ದೇಶದೊಳಗಿನ ಸಕ್ಕರೆಗೆ ಬೆಂಬಲ ಬೆಲೆ ಕಟ್ಟಿತು; 1982ರಲ್ಲಿ ಅಧ್ಯಕ್ಷ ರೇಗನ್ನರು ಆಮದಿಗೆ ಮಿತಿ ವಿಧಿಸಿದರು. ಹೀಗೆ ಸಕ್ಕರೆಯ ಬೆಲೆ ಕೃತಕವಾಗಿ ಮೇಲೆ ನಿಂತಿತು, ಜೋಳ ಅಗ್ಗವಾಗಿಯೇ ಉಳಿಯಿತು. ಕಬ್ಬಿನ ಮತ್ತು ಬೀಟಿನ ಬೆಳೆಗಾರರನ್ನು ರಕ್ಷಿಸಲೆಂದು ಕಟ್ಟಿದ ಗೋಡೆಯ ನೆರಳಿನಲ್ಲಿ ಅವರ ಪ್ರತಿಸ್ಪರ್ಧಿಯೇ ಕೊಬ್ಬಿ ಬೆಳೆಯಿತು.

ಕೋಕಾ-ಕೋಲಾ ಸಂಸ್ಥೆಯು 1980ರ ಜನವರಿಯಲ್ಲಿ ತನ್ನ ಪಾನೀಯದ ಅರ್ಧದಷ್ಟು ಸಿಹಿಯನ್ನು ಜೋಳದ ಪಾಕದಿಂದ ಪಡೆಯಲು ಅನುಮತಿಯಿತ್ತಿತು. 1984ರ ನವೆಂಬರಿನಲ್ಲಿ ಕೋಕಾ-ಕೋಲಾ, ಪೆಪ್ಸಿ ಎರಡೂ ಪೂರ್ಣವಾಗಿ ಅದನ್ನೇ ಬಳಸಲು ಒಪ್ಪಿದವು. ಅಮೇರಿಕದಲ್ಲಿ ತಲಾ ಒಬ್ಬರಿಗೆ ವರ್ಷಕ್ಕೆ ಪೂರೈಕೆಯಾದ ಹೈ ಫ್ರಕ್ಟೋಸ್ ಪಾಕವು 1970ರಲ್ಲಿ ಕಾಲು ಕಿಲೋಗ್ರಾಮಿನಷ್ಟಿತ್ತು. 1999ರಲ್ಲಿ ಅದು ಸುಮಾರು 29 ಕಿಲೋಗ್ರಾಮುಗಳಿಗೇರಿತು. ಇದೇ ಅವಧಿಯಲ್ಲಿ ಎಲ್ಲ ಬಗೆಯ ಸಕ್ಕರೆಗಳ ಒಟ್ಟು ಪ್ರಮಾಣವೂ ಸುಮಾರು 54 ಕಿಲೋಗ್ರಾಮುಗಳಿಂದ 68ರವರೆಗೆ ಏರಿತೆಂಬುದು ಅಷ್ಟಾಗಿ ಪ್ರಚಾರ ಪಡೆಯದ ಅಂಕಿ. ಜೋಳದ ಪಾಕವು ಕಬ್ಬಿನ ಸಕ್ಕರೆಯ ಸ್ಥಳವನ್ನು ಆಕ್ರಮಿಸಿದ್ದಲ್ಲದೆ, ಅಗ್ಗವಾಗಿ, ದ್ರವರೂಪದಲ್ಲಿ, ಕೊಳವೆಯಲ್ಲಿ ಹರಿಸಬಲ್ಲಷ್ಟು ಸುಲಭವಾಗಿ ದೊರೆತುದರಿಂದ ಒಟ್ಟು ಸಿಹಿಯನ್ನೇ ಹೆಚ್ಚಿಸಿತು. ಪಾನೀಯದ ಸೀಸೆಗಳು ದೊಡ್ಡವಾದವು; ಹಿಂದೆ ಸಕ್ಕರೆ ಹೆಚ್ಚಾಗಿ ಕಾಣದಿದ್ದ ತಿನಿಸುಗಳಲ್ಲಿಯೂ ಸಿಹಿ ಸೇರಿತು.

ಈ ಪಲ್ಲಟದ ಬಿಸಿ ಅಮೇರಿಕದ ಗಡಿಯಾಚೆಗೂ ತಟ್ಟಿತು. ಅಮೇರಿಕದ ಸಕ್ಕರೆ ಆಮದು 1980ರ ದಶಕದ ಕೊನೆಗೆ ಮೊದಲಿದ್ದುದರ ಮೂರನೆಯ ಒಂದಂಶಕ್ಕಿಂತ ಕೆಳಗಿಳಿಯಿತು. 1985ರಲ್ಲಿ ಪ್ರಪಂಚದ ಮಾರುಕಟ್ಟೆಯಲ್ಲಿ ಸಕ್ಕರೆಯ ಬೆಲೆ ಪೌಂಡಿಗೆ ಮೂರು ಸೆಂಟಿಗೂ ಕೆಳಗೆ ಕುಸಿಯಿತು. ಫಿಲಿಪ್ಪೀನ್ಸಿನ ನೀಗ್ರೋಸ್ ದ್ವೀಪವು ಕಬ್ಬನ್ನೇ ನಂಬಿದ ನೆಲ. ಅಲ್ಲಿಯ ತೋಟಗಳ ಒಡೆಯರು ಕಬ್ಬು ಬೆಳೆಯುವುದನ್ನು ನಿಲ್ಲಿಸಿದಾಗ ಕೂಲಿಗಳ ಮನೆಯ ಒಲೆ ಆರಿತು. ಮಕ್ಕಳು ಹಸಿವಿನಿಂದ ಸತ್ತರು. ಮಾರ್ಕೋಸ್ ಸರ್ಕಾರವು ಸಕ್ಕರೆ ವ್ಯಾಪಾರವನ್ನು ತನ್ನ ಆಪ್ತರ ಮುಷ್ಟಿಗೆ ಕೊಟ್ಟದ್ದು ಆ ಕ್ಷಾಮಕ್ಕೆ ದೊಡ್ಡ ಕಾರಣ. ಅದರೊಡನೆ ದೂರದ ಅಯೋವದ ಜೋಳದ ಪಾಕವೂ ಕಾರಣಗಳ ಸಾಲಿನಲ್ಲಿ ನಿಲ್ಲುತ್ತದೆ. ಈ ಪಾಕವು ಯಾರಿಗಾದರೂ ನಿಸ್ಸಂಶಯವಾಗಿ ಕೇಡು ಮಾಡಿದ್ದರೆ, ಅದನ್ನು ಎಂದೂ ಕುಡಿಯದ ಆ ಕೂಲಿಕಾರರಿಗೆ. ಆಹಾರದ ವಿಚಾರ ಮಾತನಾಡುವಾಗ ನಾವು ನಮ್ಮ ದೇಹವೊಂದನ್ನೇ ನೆನೆಯುತ್ತೇವೆ. ದುಡಿದವರ ಹೊಟ್ಟೆಯನ್ನು ಮರೆಯುತ್ತೇವೆ.

ಎರಡನೆಯ ವಿಚಾರಣೆ

2004ರಲ್ಲಿ ಜಾರ್ಜ್ ಬ್ರೇ ಮತ್ತು ಇನ್ನಿಬ್ಬರು ವಿದ್ವಾಂಸರು ಒಂದು ಲೇಖನವನ್ನು ಪ್ರಕಟಿಸಿದರು. ಹೈ ಫ್ರಕ್ಟೋಸ್ ಪಾಕದ ಬಳಕೆ ಏರಿದ ಕಾಲದಲ್ಲಿಯೇ ಅಮೇರಿಕನ್ನರ ಬೊಜ್ಜೂ ಏರಿತೆಂಬುದನ್ನು ತೋರಿಸಿ, ಇವೆರಡಕ್ಕೂ ಸಂಬಂಧವಿರಬಹುದೆಂದು ಅವರು ಊಹಿಸಿದರು. ಅದು ಊಹೆಯಾಗಿತ್ತು, ಜನಮನದಲ್ಲಿ ತೀರ್ಪಾಯಿತು. ‘ಹೈ’ ಎಂಬ ಒಂದಕ್ಷರವೇ ಸಾಕ್ಷಿಯಾಯಿತು.

ಈಗ ವಸ್ತುಸ್ಥಿತಿಯನ್ನು ನೋಡೋಣ. ಕಬ್ಬಿನ ಸಕ್ಕರೆಯ ಪ್ರತಿಯೊಂದು ಅಣುವಿನಲ್ಲಿಯೂ ಒಂದು ಪಾಲು ಗ್ಲೂಕೋಸ್, ಒಂದು ಪಾಲು ಫ್ರಕ್ಟೋಸ್ ಬೆಸೆದುಕೊಂಡಿರುತ್ತವೆ. ಕರುಳಿನಲ್ಲಿ ಆ ಬೆಸುಗೆ ಬೇಗನೆ ಬಿಡುತ್ತದೆ. ತಂಪು ಪಾನೀಯಗಳ ಜೋಳದ ಪಾಕದಲ್ಲಿ ನೂರಕ್ಕೆ 55 ಪಾಲು ಫ್ರಕ್ಟೋಸ್, ಸುಮಾರು 42 ಪಾಲು ಗ್ಲೂಕೋಸ್ ಬಿಡಿಬಿಡಿಯಾಗಿರುತ್ತವೆ. ಅನೇಕ ತಿನಿಸುಗಳಲ್ಲಿ ಬಳಸುವ ಇನ್ನೊಂದು ಬಗೆಯಲ್ಲಿ ಫ್ರಕ್ಟೋಸ್ 42 ಮಾತ್ರ. ಎಂದರೆ ಕಬ್ಬಿನ ಸಕ್ಕರೆಗಿಂತಲೂ ಕಡಮೆ. ಜೇನಿನಲ್ಲಿಯೂ ಗ್ಲೂಕೋಸಿಗಿಂತ ಫ್ರಕ್ಟೋಸೇ ಹೆಚ್ಚು. ರಕ್ತವನ್ನು ಸೇರುವ ಹೊತ್ತಿಗೆ ಇವುಗಳಲ್ಲಿ ಉಳಿಯುವ ಅಂತರ ಅತ್ಯಲ್ಪ. 2008ರಲ್ಲಿ ಅಮೇರಿಕದ ವೈದ್ಯಕೀಯ ಸಂಘವು, ಇತರ ಸಕ್ಕರೆಗಳಿಗಿಂತ ಈ ಪಾಕವು ಬೊಜ್ಜಿಗೆ ಹೆಚ್ಚಿನ ಕಾರಣವೆಂದು ತೋರುವುದಿಲ್ಲವೆಂದು ಅಭಿಪ್ರಾಯಪಟ್ಟಿತು. 1999ರ ನಂತರ ಅಮೇರಿಕದಲ್ಲಿ ಈ ಪಾಕದ ಬಳಕೆ ಇಳಿಯುತ್ತ ಬಂದಿತು. ಬೊಜ್ಜು ಇಳಿಯಲಿಲ್ಲ. 1999–2000ರಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಮಂದಿಯಲ್ಲಿದ್ದ ಬೊಜ್ಜು 2017–18ರಲ್ಲಿ 42 ಮಂದಿಯಲ್ಲಿ ಕಂಡುಬಂದಿತು. ಮೈ ಬೆಳೆಯಲು ಕಾರಣಗಳು ಹಲವು. ಒಂದು ಪಾಕವನ್ನು ಮಾತ್ರ ಹಿಡಿದು ಕಟಕಟೆಗೆ ತರುವುದು ನ್ಯಾಯವಾಗದು.

ಹಾಗೆಂದು ಪಾಕವು ನಿರ್ದೋಷಿಯೆಂದು ಘೋಷಿಸಿ ಕೈತೊಳೆಯುವಂತಿಲ್ಲ. ಗ್ಲೂಕೋಸನ್ನು ದೇಹದ ಎಲ್ಲ ಅಂಗಗಳೂ ಬಳಸಿಕೊಳ್ಳುತ್ತವೆ. ಫ್ರಕ್ಟೋಸಿನ ಬಹುಭಾರವನ್ನು ಯಕೃತ್ತೇ ಹೊರಬೇಕು. ಅದು ಮಿತಿಮೀರಿದಾಗ ಕೊಬ್ಬಾಗಿ ಮಾರ್ಪಟ್ಟು ಯಕೃತ್ತಿನಲ್ಲಿಯೇ ಸಂಗ್ರಹವಾಗುತ್ತದೆ. ಕುಡಿಯುವ ಸಿಹಿಯು ತಿನ್ನುವ ಅನ್ನದಂತೆ ಹೊಟ್ಟೆ ತುಂಬಿದ ತೃಪ್ತಿಯನ್ನು ಕೊಡದು. ಈ ದೋಷಗಳು ನಿಜ. ಆದರೆ ಇವು ಕಬ್ಬಿನ ಸಕ್ಕರೆಗೂ ಅಷ್ಟೇ ಅನ್ವಯಿಸುತ್ತವೆ. 1884ರಲ್ಲಿ ಮೋಸದ ಕೋಪವು ಆರೋಗ್ಯದ ತೀರ್ಪಾದಂತೆ, ಈ ಸಲ ಸಕ್ಕರೆಗಳೆಲ್ಲದರ ದೋಷವು ಒಂದೇ ಹೆಸರಿನ ತಲೆಯ ಮೇಲೆ ಬಿದ್ದಿತು.

ಮತ್ತೆ ಹೆಸರಿನ ಜಗಳ

1908ರ ಕಥೆ ಪುನರಾವರ್ತನೆಗೊಂಡದ್ದು ಸೋಜಿಗ. 2010ರಲ್ಲಿ ಅಮೇರಿಕದ ಜೋಳದ ಉದ್ಯಮಿಗಳ ಸಂಘವು ಹೈ ಫ್ರಕ್ಟೋಸ್ ಪಾಕವನ್ನು ಇನ್ನು ಮುಂದೆ ‘ಕಾರ್ನ್ ಶುಗರ್’ ಎಂದು ಕರೆಯಲು ಅನುಮತಿ ಬೇಡಿತು. 2012ರ ಮೇ ತಿಂಗಳಿನಲ್ಲಿ ಆಹಾರ ಮತ್ತು ಔಷಧ ಆಡಳಿತವು ಅದನ್ನು ನಿರಾಕರಿಸಿತು. ಸಕ್ಕರೆ ಎಂದರೆ ಹರಳು, ಪಾಕ ಎಂದರೆ ದ್ರವ. ಅಲ್ಲದೆ ‘ಕಾರ್ನ್ ಶುಗರ್’ ಎಂಬುದು ಶುದ್ಧ ಗ್ಲೂಕೋಸಿಗೆ ಮೊದಲೇ ಸಂದಿರುವ ಹೆಸರು. ಹುಟ್ಟಿನಿಂದಲೇ ಫ್ರಕ್ಟೋಸ್ ಜೀರ್ಣವಾಗದ ವಿರಳ ಕಾಯಿಲೆಯುಳ್ಳವರು ಆ ಹೆಸರನ್ನು ನಂಬಿ ಅಪಾಯಕ್ಕೆ ಸಿಲುಕಬಹುದೆಂಬುದು ಇನ್ನೊಂದು ಕಾರಣ. ಈ ಸಲ ಹೆಸರು ಬದಲಾಗಲಿಲ್ಲ.

ಹೆಸರು ಬದಲಾಗದಿದ್ದಾಗ ವಸ್ತುವನ್ನೇ ಬದಲಿಸುವ ಉಪಾಯ ಕಂಡಿತು. ತಯಾರಕರು ‘ಇದರಲ್ಲಿ ಹೈ ಫ್ರಕ್ಟೋಸ್ ಪಾಕವಿಲ್ಲ’ ಎಂದು ದೊಡ್ಡಕ್ಷರಗಳಲ್ಲಿ ಅಚ್ಚಿಸತೊಡಗಿದರು. 2025ರ ಜುಲೈನಲ್ಲಿ ಕೋಕಾ-ಕೋಲಾ ಸಂಸ್ಥೆಯು ಅಮೇರಿಕದಲ್ಲಿ ಕಬ್ಬಿನ ಸಕ್ಕರೆಯ ಪಾನೀಯವನ್ನೂ ತರುವುದಾಗಿ ಪ್ರಕಟಿಸಿತು. ಜನ ಹರ್ಷಪಟ್ಟರು. ಆದರೆ ಆ ದೇಶದ 355 ಮಿಲಿಲೀಟರಿನ ಒಂದು ಡಬ್ಬಿ ಕೋಕಾ-ಕೋಲಾದಲ್ಲಿ 39 ಗ್ರಾಂ ಸಕ್ಕರೆಯಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೊರಡಿಸಿದ ಸೂಚನೆಯಂತೆ, ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಇವೆಲ್ಲ ಸೇರಿ ದಿನದ ಶಕ್ತಿಯ ಹತ್ತನೆಯ ಒಂದು ಭಾಗಕ್ಕಿಂತ ಕಡಮೆಯಿರಬೇಕು. ಇಪ್ಪತ್ತನೆಯ ಒಂದು ಭಾಗಕ್ಕಿಳಿದರೆ, ಎಂದರೆ ದಿನಕ್ಕೆ ಸುಮಾರು 25 ಗ್ರಾಂ, ಇನ್ನೂ ಲೇಸು. ಒಂದು ಡಬ್ಬಿಯೇ ಆ ಲೇಸಾದ ಮಿತಿಯನ್ನು ಮೀರಿತು. ಮೂಲವು ಜೋಳವೋ ಕಬ್ಬೋ ಎಂಬುದರಿಂದ ಆ ಲೆಕ್ಕದಲ್ಲಿ ವ್ಯತ್ಯಾಸವಾಗದು.

ಸರಿಯಾದ ದಾರಿಯನ್ನು ಕಂಡವರೂ ಇಲ್ಲದಿಲ್ಲ. ಮೆಕ್ಸಿಕೋ ದೇಶವು 2014ರಲ್ಲಿ ಸಿಹಿ ಪಾನೀಯಗಳ ಮೇಲೆ ಲೀಟರಿಗೆ ಒಂದು ಪೆಸೋ ತೆರಿಗೆ ವಿಧಿಸಿತು. ಅದು ಯಾವ ಸಕ್ಕರೆಯೆಂದು ಕೇಳಲಿಲ್ಲ. ಅಮೇರಿಕವೂ 2016ರಲ್ಲಿ ನಿಯಮ ಮಾಡಿ, 2020ರಿಂದ ದೊಡ್ಡ ತಯಾರಕರು ತಮ್ಮ ಚೀಟಿಯ ಮೇಲೆ ‘ಸೇರಿಸಿದ ಸಕ್ಕರೆ’ ಎಷ್ಟು ಗ್ರಾಂ ಎಂಬುದನ್ನು ಬೇರೆಯಾಗಿ ನಮೂದಿಸುವಂತೆ ಮಾಡಿತು. ನೂರಕ್ಕೂ ಹೆಚ್ಚು ವರ್ಷ ಹೆಸರಿಗಾಗಿ ನಡೆದ ಜಗಳದ ನಂತರ ಅಳತೆಯು ಕೊನೆಗೂ ಚೀಟಿಯ ಮೇಲೆ ಬಂದಿತು.

ನಮ್ಮ ಅಡುಗೆಮನೆಯ ಮಾತು

ಇದೆಲ್ಲ ಅಮೇರಿಕದ ಕಥೆ, ನಮಗೇನು ಎಂದು ಕೇಳುವವರುಂಟು. ನಮ್ಮ ದೇಶದಲ್ಲಿ ಕಬ್ಬು ಹೇರಳ. ತಂಪು ಪಾನೀಯಗಳಿಗೂ ಬಹುಮಟ್ಟಿಗೆ ಕಬ್ಬಿನ ಸಕ್ಕರೆಯೇ ಬಳಕೆಯಾಗುತ್ತದೆ. ಹಾಗಾಗಿ ನಾವು ಸುರಕ್ಷಿತರೆಂಬ ಭಾವನೆ ಸಹಜ. ಆದರೆ ಮನೆಯಲ್ಲಿರುವ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ನೋಡಿದರೆ ಅನೇಕವುಗಳಲ್ಲಿ ‘ಇನ್ವರ್ಟ್ ಸಿರಪ್’ ಎಂಬ ಮಾತು ಕಾಣುತ್ತದೆ. ಕಬ್ಬಿನ ಸಕ್ಕರೆಯ ಬೆಸುಗೆಯನ್ನು ಕಾರಖಾನೆಯಲ್ಲಿಯೇ ಬಿಡಿಸಿ, ಗ್ಲೂಕೋಸ್ ಮತ್ತು ಫ್ರಕ್ಟೋಸುಗಳನ್ನು ಬೇರ್ಪಡಿಸಿದ ಪಾಕವದು. ಜೋಳದ ಪಾಕಕ್ಕೂ ಇದಕ್ಕೂ ಇರುವ ಭೇದ ಬಹುಮಟ್ಟಿಗೆ ಹುಟ್ಟಿದ ಗಿಡದಲ್ಲಿ. ‘ಲಿಕ್ವಿಡ್ ಗ್ಲೂಕೋಸ್’ ಎಂದು ಬರೆದದ್ದು ಕಿರ್ಚಾಫನ ಹಳೆಯ ಸಕ್ಕರೆಯ ವಂಶಸ್ಥ. ಇನ್ನು ಬೆಲ್ಲ. ಅದರಲ್ಲಿ ಒಂದಿಷ್ಟು ಖನಿಜಾಂಶಗಳಿರುವುದು ನಿಜವಾದರೂ ಬಹುಭಾಗವು ಸಕ್ಕರೆಯೇ. ಬೆಲ್ಲವೆಂಬ ಆತ್ಮೀಯ ಹೆಸರಿನ ಧೈರ್ಯದಿಂದ ದಿನಕ್ಕೆ ಆರು ಲೋಟ ಚಹಾ ಕುಡಿಯುವವರೂ, ಪಾಕದ ಹೆಸರಿಗೆ ಹೆದರಿ ಕಬ್ಬಿನ ಸಕ್ಕರೆಯ ಪಾನೀಯವನ್ನು ಎರಡು ಸೀಸೆ ಕುಡಿಯುವವರೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ.

ಆದುದರಿಂದ ಮೊದಲು ಎತ್ತಿದ ಪ್ರಶ್ನೆಗೆ ಉತ್ತರವಿಷ್ಟು. ಹೈ ಫ್ರಕ್ಟೋಸ್ ಪಾಕವಿರುವ ತಿನಿಸನ್ನು ಬಿಡುವುದರಿಂದ ನಷ್ಟವೇನಿಲ್ಲ, ಬಿಡುವುದು ಒಳ್ಳೆಯದೇ. ಬಹುಪಾಲು ಅದು ಬೆರೆತಿರುವುದು ನಮಗೆ ಅಗತ್ಯವಿಲ್ಲದ ಸಿಹಿಪಾನೀಯಗಳಲ್ಲಿ, ಕಾರಖಾನೆಯ ತಿಂಡಿಗಳಲ್ಲಿ. ಆದರೆ ಅದರ ಬದಲು ಅಷ್ಟೇ ಪ್ರಮಾಣದ ಇನ್ನೊಂದು ಸಕ್ಕರೆಯನ್ನು ತಂದುಕೊಂಡರೆ ಬಿಟ್ಟದ್ದು ಹೆಸರನ್ನು ಮಾತ್ರ. ಚೀಟಿಯಲ್ಲಿ ಹೆಸರನ್ನು ಹುಡುಕುವ ಕಣ್ಣು ಅಂಕಿಯನ್ನು ಹುಡುಕುವುದನ್ನು ಕಲಿಯಬೇಕು. ಬಾಯಾರಿದ ಮಗುವಿಗೆ ಮೊದಲು ನೀರು ಕೊಡಬೇಕು, ಮಜ್ಜಿಗೆ ಕೊಡಬೇಕು. ಹಣ್ಣನ್ನು ಹಿಂಡದೆ ಹಣ್ಣಾಗಿಯೇ ತಿನ್ನಬೇಕು.

ಪ್ರಸಾದನಿಲಯದಲ್ಲಿ ಬೆಳೆದವರಿಗೆ ಜಾತ್ರೆಯ ದಿನದ ಗೋಧಿ ಹುಗ್ಗಿಯ ನೆನಪಿರುತ್ತದೆ. ವರ್ಷದಲ್ಲಿ ಕೆಲವೇ ದಿನ ಎಲೆಗೆ ಬೀಳುತ್ತಿದ್ದ ಆ ಸಿಹಿಯನ್ನು ನೂರಾರು ಮಂದಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಅದರಲ್ಲಿಯೂ ಸಕ್ಕರೆಯಿತ್ತು, ಬೆಲ್ಲವಿತ್ತು. ಯಾರೂ ಅದಕ್ಕೆ ಹೆದರಬೇಕಾಗಿರಲಿಲ್ಲ. ಉಳಿದ ದಿನಗಳಲ್ಲಿ ರೊಟ್ಟಿ, ಪಲ್ಯ, ಅಂಬಲಿ ಇರುತ್ತಿದ್ದವು. ಆ ಹುಗ್ಗಿಯನ್ನು ಕಾಯುತ್ತಿದ್ದ ನಾಲಗೆ ಇಂದು ದಿನಕ್ಕೆ ನಾಲ್ಕು ಸಲ ಸಿಹಿಯನ್ನು ಬೇಡುವಂತಾಗಿದ್ದರೆ, ಅದನ್ನು ವಿಚಾರಿಸಬೇಕಾದವರು ಕ್ಲಿಂಟನ್ನಿನ ಕಾರಖಾನೆಯವರಲ್ಲ, ನಾವೇ.